ಅತ್ತೆ ಕಾಯಲು ಹೋದ ಕೆಂಪು ಮಾಳ

ಆ ಜಾಗ ತಮ್ಮದು ಎಂಬುದೇ ನಮ್ಮ ಮನೆಯವರಿಗೆ ಮರೆತುಹೋಗಿತ್ತು. ವಲಾಂಡಿ ರಸ್ತೆಯಿಂದ ಒಳಗೆ, ಕರಿಯ ಹೊಲಗಳೆಲ್ಲ ಮುಗಿದ ಮೇಲೆ, ನೆಲ ತುಸು ಏರಿ ಒಂದು ಕೆಂಪು ಮಾಳವಾಗುತ್ತದೆ. ಮೇಲೆ ಒಂದು ಬೆರಳು ಮಣ್ಣು, ಕೆಳಗೆ ಬರೀ ಜಂಬಿಟ್ಟಿಗೆ ಕಲ್ಲು. ಅಲ್ಲಿ ಜೋಳ ಬಾರದು, ತೊಗರಿ ಬಾರದು, ಹುಲ್ಲು ಕೂಡ ಒಲ್ಲದ ಮನಸ್ಸಿನಿಂದ ಅಲ್ಲೊಂದು ಇಲ್ಲೊಂದು ಏಳುತ್ತಿತ್ತು. ಸಾತಬಾರಾ ಉತಾರೆಯಲ್ಲಿ, ಎಂದರೆ ಜಮೀನಿನ ಪಹಣಿಯಲ್ಲಿ, ಆ ಜಾಗದ ಮುಂದೆ ‘ಪೋಟಖರಾಬ’ ಎಂದು ಬರೆದಿದ್ದರು. ಉಳುವುದಕ್ಕೆ ಬಾರದ ಕೆಟ್ಟ ನೆಲ ಅಂತ ಅದರ ಅರ್ಥ. ನನ್ನ ಗಂಡ ಅದನ್ನೇ ಬಾಯಿಮಾತಿನಲ್ಲಿ ಹೇಳುತ್ತಿದ್ದರು: “ಅಲ್ಲೇನದ? ಆಡ ಸೈತ ಬಾಯಿ ಹಾಕಂಗಿಲ್ಲ.”

ನಾನು ಭಾಲ್ಕಿ ಕಡೆಯವಳು. ಈ ಸೀಮೆಯ ಊರೂರುಗಳನ್ನೇ ಕೆಡವಿದ ಭೂಕಂಪವಾಗಿ ಕೆಲವು ವರ್ಷಗಳಾದ ಮೇಲೆ ಮದುವೆಯಾಗಿ, ರಾಜ್ಯದ ಗಡಿ ದಾಟಿ ಮರಾಠಿ ಸೀಮೆಯ ಈ ಊರಿಗೆ ಬಂದೆ. ಬೀದರದಲ್ಲಿ ಸಸ್ಯಶಾಸ್ತ್ರ ಓದಿ ಪದವಿ ಪಡೆದಿದ್ದೆ. ಆ ಪದವಿಯಿಂದ ಗಂಡನ ಮನೆಗೆ ಆದ ಉಪಯೋಗವೆಂದರೆ ನೆಂಟರ ಮುಂದೆ ಹೇಳಿಕೊಳ್ಳುವುದು. “ನಮ್ಮ ಸೊಸಿ ಬಿಎಸ್ಸಿ ಆಗ್ಯಾಳ್ರಿ” ಎಂದು ಒಮ್ಮೆ ಹೇಳಿದರೆ ಮುಗಿಯಿತು. ಬಿಎಸ್ಸಿ ಆದವಳು ಒಳಗೆ ಹೋಗಿ ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ಮೇಲೆ. ಆ ದಿನಗಳಲ್ಲಿ ನಾನು ಬಡಿದ ರೊಟ್ಟಿಯ ಸದ್ದು ಓಣಿಯ ತುದಿಯವರೆಗೂ ಕೇಳಿಸುತ್ತಿತ್ತೆಂದು ಅತ್ತೆ ಚೇಷ್ಟೆ ಮಾಡುತ್ತಿದ್ದಳು.

ಅತ್ತೆ ಮನೆಯೊಳಗೆ ಮಲಗುತ್ತಿರಲಿಲ್ಲ. ಭೂಕಂಪದಲ್ಲಿ ನಮ್ಮ ಹಳೆಯ ಕಲ್ಲಿನ ಮನೆ ಬಿದ್ದಿರಲಿಲ್ಲ, ಒಂದು ಗೋಡೆ ಬಿರಿದಿತ್ತು ಅಷ್ಟೇ. ಆದರೆ ಸುತ್ತಲಿನ ಎಷ್ಟೋ ಊರುಗಳಲ್ಲಿ ಅಂಥ ಗೋಡೆಗಳೇ ಮಲಗಿದ್ದವರ ಮೇಲೆ ಬಿದ್ದಿದ್ದವು. ತನ್ನ ತವರಿನಲ್ಲಿ ಕಲ್ಲು ಎತ್ತಿ ಎತ್ತಿ ಹಾಕಿ ಹೆಣ ಹೊರತೆಗೆದದ್ದನ್ನು ಆಕೆ ನಿಂತು ನೋಡಿದ್ದಳು. ಅವತ್ತಿನಿಂದ ಮಳೆಯಿರಲಿ ಚಳಿಯಿರಲಿ, ಅಂಗಳದಲ್ಲಿ ಹಾಕಿದ ತಗಡಿನ ಮಾಡಿನ ಕೆಳಗೇ ಆಕೆಯ ಹಾಸಿಗೆ. “ತಗಡ ಬಿದ್ದರ ಬುಗುಟಿ ಬರತದ, ಕಲ್ಲ ಬಿದ್ದರ ಅಯ್ಯನೋರು ಬರತಾರ” ಎನ್ನುತ್ತಿದ್ದಳು. ಅಯ್ಯನವರು ಎಂದರೆ ನಮ್ಮಲ್ಲಿ ಮಣ್ಣು ಮಾಡಿಸುವ ಜಂಗಮರು.

ಒಂದು ಶ್ರಾವಣದಲ್ಲಿ ತಪ್ಪಿಸಿಕೊಂಡ ಕರುವನ್ನು ಹುಡುಕುತ್ತ ನಾನೂ ಅತ್ತೆಯೂ ಆ ಮಾಳ ಹತ್ತಿದೆವು. ಬಿಸಿಲು ನೆತ್ತಿಗೆ ಬಂದಿತ್ತು, ಎಲ್ಲ ಕಡೆ ಇಬ್ಬನಿ ಆರಿಹೋಗಿತ್ತು. ಇಲ್ಲಿ ಮಾತ್ರ ನೆಲದ ಮೇಲೆ ಇನ್ನೂ ಹನಿ ಹೊಳೆಯುತ್ತಿದ್ದವು. ಬಗ್ಗಿ ನೋಡಿದೆ. ರೂಪಾಯಿ ನಾಣ್ಯದಷ್ಟಗಲದ ಕೆಂಪು ಗಿಡಗಳು, ನೆಲಕ್ಕೆ ಅಂಟಿಕೊಂಡು ಸಾವಿರಗಟ್ಟಲೆ. ಪ್ರತಿ ಎಲೆಯ ಮೈಮೇಲೆ ಕೂದಲು, ಪ್ರತಿ ಕೂದಲಿನ ತುದಿಗೆ ಒಂದು ಅಂಟಿನ ಹನಿ. ಕಾಲೇಜಿನಲ್ಲಿ ರಟ್ಟಿಗೆ ಅಂಟಿಸಿದ್ದ ಒಣ ಗಿಡವೊಂದನ್ನು ತೋರಿಸಿ ಇದು ಡ್ರಾಸೆರಾ, ಕೀಟಾಹಾರಿ ಸಸ್ಯ ಎಂದಿದ್ದರು. ಅದು ಕಂದುಬಣ್ಣಕ್ಕೆ ತಿರುಗಿ ಜರದಾ ಎಲೆಯ ಚೂರಿನ ಹಾಗೆ ಕಾಣುತ್ತಿತ್ತು. ಅದೇ ಗಿಡ ಇಲ್ಲಿ ಜೀವಂತ ಇತ್ತು, ನನ್ನ ಗಂಡನ ಮನೆಯ ಪೋಟಖರಾಬದಲ್ಲಿ. ನಾನು ಸೆರಗು ಕೆಸರಾಗುವುದನ್ನೂ ನೋಡದೆ ಅಲ್ಲಿಯೇ ಕುಳಿತೆ. ನಾನು ಓದಿದ್ದಕ್ಕೆ ಈ ಊರಿನಲ್ಲಿ ಮೊದಲ ಬಾರಿ ಏನೋ ಒಂದು ಅರ್ಥ ಬಂದಂತಾಗಿ ಕಣ್ಣು ತುಂಬಿ ಬಂತು.

“ಏನಾತ? ಹಾವ ಕಡೀತೇನ?” ಎಂದು ಅತ್ತೆ ಓಡಿ ಬಂದಳು.

ನಾನು ತೋರಿಸಿದೆ. ಒಂದು ಸಣ್ಣ ನೊಣ ಎಲೆಗೆ ಅಂಟಿ ಒದ್ದಾಡುತ್ತಿತ್ತು. ಈ ಗಿಡ ಹುಳ ಹಿಡಿದು ಕರಗಿಸಿ ತಿನ್ನುತ್ತದೆ, ಈ ಮಣ್ಣಿನಲ್ಲಿ ಸತ್ವ ಇಲ್ಲ, ಅದಕ್ಕೇ ಹಾಗೆ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಸತ್ವ ಇರುವ ಕಡೆ ಇದು ಬದುಕುವುದೇ ಇಲ್ಲ ಎಂದೆಲ್ಲ ಹೇಳಿದೆ. ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

“ಅಯ್ಯ ನನ್ನ ಶಿವನೆ, ಲಿಂಗಾಯತರ ಹೊಲದಾಗ ಮಾಂಸ ತಿನ್ನೋ ಗಿಡಾ! ಊರಾಗ ತಿಳದರ ಮರ್ಯಾದಿ ಉಳೀತದೇನ? ಅಯ್ಯನೋರಿಗಿ ಕರಸಿ ಇವಕ್ಕೆಲ್ಲಾ ದೀಕ್ಷಾ ಕೊಡಸಬೇಕಲ್ಲವ್ವ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕರು ತಾನಾಗಿಯೇ ಮನೆಗೆ ಹೋಗಿತ್ತು.

ಆಮೇಲೆ ಪ್ರತಿ ಮಳೆಗಾಲ ನಾವಿಬ್ಬರೂ ಅಲ್ಲಿಗೆ ಹೋಗುವುದು ರೂಢಿಯಾಯಿತು. ಆ ಮೊದಲ ವರ್ಷಗಳಲ್ಲಿ ಸೊಸೆಯಾದವಳು ಒಬ್ಬಳೇ ಹೊರಗೆ ಹೋಗುವ ಹಾಗಿರಲಿಲ್ಲ. ಅತ್ತೆ ಜೊತೆಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮೊದಲ ಮಳೆಗೆ ಸಾಸಿವೆ ಕಾಳಿನಷ್ಟು ಮೊಳಕೆ, ಭಾದ್ರಪದಕ್ಕೆ ಬಿಳಿ ಹೂವು, ಚಳಿಗಾಲ ಮುಗಿಯುವ ಹೊತ್ತಿಗೆ ಎಲ್ಲ ಒಣಗಿ ಬೀಜ ಮಣ್ಣಿನೊಳಗೆ. ಬೇಸಿಗೆಯಲ್ಲಿ ನೋಡಿದವರಿಗೆ ಬರೀ ಕೆಂಪು ಕಲ್ಲು ಕಾಣುತ್ತಿತ್ತು. ನೀರು ಜಿನುಗುವ ಕಡೆ ಸಣ್ಣ ನೀಲಿ ಹೂವಿನ ಇನ್ನೊಂದು ಜಾತಿ ಇತ್ತು. ಅದು ಮಣ್ಣಿನೊಳಗಿನ ಚಿಕ್ಕ ಚಿಕ್ಕ ಚೀಲಗಳಿಂದ ಹುಳ ನುಂಗುತ್ತದೆ ಎಂದರೆ ಅತ್ತೆ ನಂಬಲಿಲ್ಲ. “ಇದ ಮಾತ್ರ ನೀ ಸುಳ್ಳ ಹೇಳಲತ್ತಿ. ಇಷ್ಟ ಚಂದ ಹೂವಾ ಹಂಗ ಮಾಡಂಗಿಲ್ಲ” ಎನ್ನುತ್ತಿದ್ದಳು.

ನಮ್ಮ ಸುತ್ತ ಅಂಥ ಮಾಳಗಳು ಬೇಕಾದಷ್ಟಿದ್ದವು. ಭೂಕಂಪದ ನಂತರ ಹೊಸ ಊರು ಕಟ್ಟುವುದಕ್ಕೆ, ರಸ್ತೆ ಹಾಕುವುದಕ್ಕೆ ಎಲ್ಲರಿಗೂ ಮುರುಮು, ಎಂದರೆ ಈ ಮಾಳಗಳ ಕೆಂಪು ಗರಸು, ಬೇಕಾಯಿತು. ಒಡೆಯರು ಒಬ್ಬೊಬ್ಬರಾಗಿ ಮಾರಿದರು. ಮೊದಲು ಟ್ರ್ಯಾಕ್ಟರು, ಆಮೇಲೆ ಟಿಪ್ಪರು, ಆಮೇಲೆ ಜೆಸಿಬಿ ಬಂದವು. ಹೆದ್ದಾರಿ ಅಗಲ ಮಾಡುವ ಮಾತು ಶುರುವಾದ ಮೇಲಂತೂ ಕೇಳುವುದೇ ಬೇಡ, ಒಂದು ಮಳೆಗಾಲ ಕಂಡ ಮಾಳ ಮುಂದಿನ ಮಳೆಗಾಲಕ್ಕೆ ಕೆಂಪು ನೀರಿನ ಹೊಂಡವಾಗಿರುತ್ತಿತ್ತು. ನಾನು ಬಸ್ಸಿನ ಕಿಟಕಿಯಿಂದ ನೋಡಿ ಯಾವುದು ಹೋಯಿತು ಎಂದು ಬಂದು ಹೇಳುತ್ತಿದ್ದೆ, ಅತ್ತೆ ನಾಲಗೆ ಲೊಚಗುಟ್ಟುತ್ತಿದ್ದಳು.

ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದರು. ಬಾವಿಯ ಹೊಲ ನಮ್ಮ ಪಾಲಿಗೆ ಬಂತು. ಯಾರಿಗೂ ಬೇಡವಾದ ಕೆಂಪು ಮಾಳ ಒಂದಿಷ್ಟು ಕರಿಹೊಲದ ಜೊತೆ ಭಾವನ ಪಾಲಿಗೆ ಹೋಯಿತು. ಭಾವ, ಎಂದರೆ ನನ್ನ ಗಂಡನ ಅಣ್ಣ, ಉಮರ್ಗಾದ ಹೈವೇ ಮೇಲೆ ಟೈರಿನ ಅಂಗಡಿ ಇಟ್ಟವರು. ಕೆಟ್ಟ ಮನುಷ್ಯ ಅಲ್ಲ. ಪಿಲ್ಲರು ಹಾಕಿದ, ಎಂಥ ಭೂಕಂಪಕ್ಕೂ ಅಲುಗಾಡದ ಒಂದು ಮನೆ ಉಮರ್ಗಾದಲ್ಲಿ ಕಟ್ಟಬೇಕೆಂಬುದು ಅವರ ಆಸೆ. ಅದಕ್ಕೆ ಮಾಳವನ್ನು ಒಬ್ಬ ಗುತ್ತಿಗೆದಾರನಿಗೆ ಮಾರುವ ಮಾತಾಯಿತು. ಆತ ಮುರುಮಿಗಾಗಿ ಕೊಳ್ಳುವವನು. ಬೇಸಿಗೆ ಕಳೆಯುವುದರೊಳಗೆ ಅಗೆದು ಮುಗಿಸುವವನು.

ನಾನು ಸುಮ್ಮನಿರಲಿಲ್ಲ. ಉದಗೀರದಲ್ಲಿ ಅರಣ್ಯ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿದ್ದವರು ಕುರ್ಚಿ ಕೊಟ್ಟರು, ಚಹಾ ತರಿಸಿದರು, ಪೂರ್ತಿ ಕೇಳಿದರು. ಕೇಳಿ, “ಬಾಯಿ, ವಾಘ್ ಅಸೇಲ್ ತರ್ ಸಾಂಗಾ” ಎಂದು ನಕ್ಕರು. ಹುಲಿ ಇದ್ದರೆ ಹೇಳಿ ಅಂತ. ಆಮೇಲೆ ಪಾಪ ಸಮಾಧಾನವನ್ನೂ ಹೇಳಿದರು: ಅದು ಖಾಸಗಿ ಜಮೀನು, ಒಡೆಯ ಮಾರಿದರೆ ನಮಗೇನು ಅಧಿಕಾರ? ನಿಲಂಗಾದ ಕೋರ್ಟಿನಲ್ಲಿ ವಕೀಲರಾಗಿದ್ದ ನಮ್ಮ ದೂರದ ನೆಂಟರೊಬ್ಬರೂ ಅದನ್ನೇ ಹೇಳಿದರು. ಅವರು ಇನ್ನೊಂದು ಮಾತು ಸೇರಿಸಿದರು. ಭಾವನ ಮೇಲೆ ತಮ್ಮನ ಹೆಂಡತಿ ಹುಲ್ಲಿಗಾಗಿ ಕೇಸು ಹಾಕಿದಳು ಎಂದರೆ ಊರಿನವರು ನಗುವುದು ನಿನ್ನನ್ನಲ್ಲ, ನಿನ್ನ ಗಂಡನನ್ನು ಎಂದರು. ಆ ದಿನ ನಿಲಂಗಾ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಅತ್ತೆ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆ, ತಿನ್ನಲಾಗಲಿಲ್ಲ.

ಕೊನೆಗೆ ಭಾವನನ್ನೇ ಕೇಳಿದೆ. ಸೆರಗು ಹೊದ್ದುಕೊಂಡು ಬಾಗಿಲ ಹಿಂದೆ ನಿಂತು ಕೇಳಿದೆ, ಸಿಟ್ಟನ್ನೆಲ್ಲ ನುಂಗಿಕೊಂಡು.

“ಭಾವರೀ, ಉಳದ ಮಾಳ ಎಲ್ಲಾ ಹ್ವಾದವು. ಇದೊಂದ ಬಿಡ್ರಿ.”

“ತಂಗಿ, ಅದು ಹುಲ್ಲ. ಹುಲ್ಲಿಗಿ ಯಾರರೆ ಅಳತಾರೇನು?” ಎಂದರು ಭಾವ, ಮೆತ್ತಗೆ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಒಳಗೆ ಬಂದು ಗಂಡನ ಮೇಲೆ ಹರಿಹಾಯ್ದೆ. ಅವರು ಪೇಪರಿನ ಪುಟ ತಿರುಗಿಸಿದರು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ತಗಡಿನ ಕೆಳಗೆ ಕುಳಿತಿದ್ದಳು. ಆಗಲೇ ಆಕೆಗೆ ಉಸಿರಾಟದ ತೊಂದರೆ ಶುರುವಾಗಿತ್ತು, ಉದಗೀರದ ಡಾಕ್ಟರು ಹೆಚ್ಚೇನೂ ಭರವಸೆ ಕೊಟ್ಟಿರಲಿಲ್ಲ. ಯುಗಾದಿಗೆ ತನ್ನ ಗಂಡುಮಕ್ಕಳಿಬ್ಬರೂ ಮನೆಯಲ್ಲಿದ್ದಾಗ, ಊರಿನ ಅಯ್ಯನವರೂ ಬಂದು ಕುಳಿತಿದ್ದಾಗ, ಆಕೆ ತಟ್ಟನೆ ಹೇಳಿದಳು.

“ನಾ ಹ್ವಾದ ಮ್ಯಾಲ ನನಗ ಕೆಂಪ ಮಾಳದಾಗ ಇಡ್ರಿ.”

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲಿ ಕುಳ್ಳಿರಿಸಿ ಸಮಾಧಿ ಮಾಡುತ್ತೇವೆ. ಮಾವನ ಸಮಾಧಿ ಬಾವಿಯ ಹೊಲದಲ್ಲಿತ್ತು. ಅದರ ಪಕ್ಕ ಅತ್ತೆಗೆಂದು ಜಾಗ ಬಿಟ್ಟಿದ್ದರು. ಗಂಡನ ಪಕ್ಕ ಬಿಟ್ಟು ಬೇರೆ ಕಡೆ ಹೋಗುವ ಹೆಂಗಸನ್ನು ಯಾರೂ ಕಂಡಿರಲಿಲ್ಲ. ಭಾವ ಗಾಬರಿಯಾದರು.

“ಅವ್ವ, ಏನ ಮಾತಾಡಲತ್ತಿ? ಅಪ್ಪನ ಬಾಜೂಕ ಜಾಗ ಅದ.”

“ಬಾವಿ ಬಾಜೂಕ ಥಂಡಿ ಭಾಳ. ನನಗ ದಮ್ಮ ಹತ್ತತದ” ಎಂದಳು ಅತ್ತೆ. ಸತ್ತವರಿಗೆ ದಮ್ಮು ಹತ್ತುತ್ತದೆಯೇ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅಯ್ಯನವರು, ಹಿರಿಯರ ಕಡೆಯ ಮಾತು ಮೀರಬಾರದು ಎಂದುಬಿಟ್ಟರು.

ಎಲ್ಲರೂ ಹೋದ ಮೇಲೆ ನಾನು ಆಕೆಯ ಕಾಲ ಬಳಿ ಕುಳಿತೆ.

“ಅತ್ತಿ, ಇದೆಲ್ಲಾ ಯಾಕ್ರಿ?”

“ಹೆಣಾ ಇಟ್ಟ ನೆಲ ಯಾವಂವ ಅಗೀತಾನ? ಜೆಸಿಬಿದಂವಗೂ ತಾಯಿ ಇರತಾಳ” ಎಂದಳು. ಕಣ್ಣಲ್ಲಿ ಚೇಷ್ಟೆ ಇತ್ತು. “ನಿನ್ನ ಗಿಡಾ ನನ್ನ ಮ್ಯಾಲ ಬೆಳೀಲಿ. ನನ್ನ ಮಾರಿ ಮ್ಯಾಲ ಒಂದ ನೊಣಾ ಕೂಡಂಗಿಲ್ಲ ನೋಡ.”

“ಮಾವನೋರಿಗಿ ಬಿಟ್ಟ…?”

“ಅವರ ಜೋಡಿ ಭಾಳ ವರ್ಷ ಇದ್ದೀನಿ, ಸಾಕಾಗ್ಯಾದ” ಎಂದು ನಕ್ಕಳು. ಆಮೇಲೆ ನನ್ನ ಕೈ ಹಿಡಿದು ಹೇಳಿದಳು, “ಆದರ ಒಂದ ಮಾತ ಕೇಳ. ಮ್ಯಾಲ ಏನೂ ಕಟ್ಟಸಬ್ಯಾಡ್ರಿ. ಕಲ್ಲ ಹಾಕಬ್ಯಾಡ್ರಿ. ಜೀವ ಇದ್ದಾಗ ಹೊತ್ತಿಲ್ಲ, ಸತ್ತ ಮ್ಯಾಲ ಹೊರಾಂಗಿಲ್ಲ ನಾ.”

ಮರುದಿನ ಬೆಳಿಗ್ಗೆ ಆಕೆ ಏದುಸಿರು ಬಿಡುತ್ತ ಬಾವಿಯ ಹೊಲಕ್ಕೆ ಹೋದಳು. ನಾನು ದೂರದಲ್ಲಿ ನಿಂತೆ. ಮಾವನ ಸಮಾಧಿಯ ಪಕ್ಕ, ತನಗೆಂದು ಬಿಟ್ಟ ಜಾಗದಲ್ಲಿ, ಬಿಸಿಲು ಏರುವತನಕ ಕುಳಿತಿದ್ದಳು. ಸಾಕಾಗಿದೆ ಎಂದದ್ದು ಸುಳ್ಳು ಎಂದು ಆಗ ನನಗೆ ಗೊತ್ತಾಯಿತು. ಬೇಡ ಅತ್ತೆ, ಗಿಡ ಹೋದರೆ ಹೋಗಲಿ ಎಂದು ಅವತ್ತು ರಾತ್ರಿ ಊಟದ ಹೊತ್ತಿಗೆ ಹೇಳಿದೆ. “ನಿನಗ್ಯಾರ ಕೇಳ್ಯಾರ?” ಎಂದು ಗದರಿಸಿ ಉಣ್ಣತೊಡಗಿದಳು.

ವೈಶಾಖದಲ್ಲಿ ಹೋದಳು. ಆ ಕಲ್ಲಿನಲ್ಲಿ ಕುಣಿ ತೋಡುವುದು ಸುಲಭವಿರಲಿಲ್ಲ, ಗಂಡಸರು ಸರದಿಯಲ್ಲಿ ಹಾರೆ ಹಾಕಿದರು. ಪದ್ಧತಿಯಂತೆ ಕುಳ್ಳಿರಿಸಿ, ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚಿದರು. ಗುತ್ತಿಗೆದಾರ ಅಳತೆಗೆಂದು ಬಂದವನು ದೂರದಿಂದಲೇ ಕೈಮುಗಿದು ಹೊರಟುಹೋದ. ಮತ್ತೆ ಆ ಮಾತೆತ್ತಲಿಲ್ಲ. ಅತ್ತೆ ಗೆದ್ದಿದ್ದಳು.

ಆ ಮಳೆಗಾಲ ಗಿಡಗಳು ಬಂದವು. ಅಗೆದ ದಿಬ್ಬದ ಅಂಚಿನವರೆಗೂ ಬಂದವು, ಕೆಂಪಗೆ, ಮಧ್ಯಾಹ್ನದ ಬಿಸಿಲಿಗೆ ಹೊಳೆಯುತ್ತ. ಅವುಗಳ ನಡುವೆ ಕುಳಿತು ನಾನು ಅತ್ತೆಗೆ ಕೇಳಿಸುವ ಹಾಗೆ ಜೋರಾಗಿಯೇ ಮಾತಾಡಿದೆ. ಅಷ್ಟು ದುಃಖದ ವರ್ಷದಲ್ಲಿ ನಾನು ಸಂತೋಷಪಟ್ಟ ದಿನವೆಂದರೆ ಅದೊಂದೇ.

ಮುಂದಿನ ಮಳೆಗಾಲಕ್ಕೆ ಅದು ಹಾಗೆ ಉಳಿಯಲಿಲ್ಲ, ಏಕೆಂದರೆ ಭಾವನಿಗೆ ಮನಸ್ಸಿನಲ್ಲಿ ಕೊರೆಯತೊಡಗಿತು. ಅವ್ವ ಕಡೆಗಾಲದಲ್ಲಿ ಕೇಳಿದ ನೆಲವನ್ನು ನಾನು ಮಾರಲು ಹೊರಟಿದ್ದೆನಲ್ಲ ಎಂದು ಊರಿನವರ ಮುಂದೆ ಕಣ್ಣೀರು ಹಾಕಿದರು. ಕಣ್ಣೀರು ನಿಜವೇ. ವರ್ಷದ ಪುಣ್ಯತಿಥಿಯ ಹೊತ್ತಿಗೆ ಸಮಾಧಿಯ ಮೇಲೆ ಕಲ್ಲಿನ ಗದ್ದುಗೆ ಕಟ್ಟಿಸುವುದೆಂದು ನಿಶ್ಚಯಿಸಿದರು. ನಾನು ಅಡ್ಡ ಬಂದೆ.

“ಅತ್ತಿ ಬ್ಯಾಡಂದಾರ್ರಿ. ಮ್ಯಾಲ ಕಲ್ಲ ಹಾಕಬ್ಯಾಡ್ರಿ ಅಂತ ನನ್ನ ಮುಂದ ಹೇಳ್ಯಾರ.”

ಭಾವ ನನ್ನನ್ನು ನೋಡಲಿಲ್ಲ, ನನ್ನ ಗಂಡನನ್ನು ನೋಡಿದರು. “ನಮ್ಮ ಮುಂದ ಹೇಳಿಲ್ಲ, ಅಯ್ಯನೋರ ಮುಂದ ಹೇಳಿಲ್ಲ. ಈಕಿ ಮುಂದ ಒಬ್ಬಾಕಿ ಮುಂದ ಹೇಳ್ಯಾಳೇನು?”

ಉಳಿದದ್ದನ್ನು ಅವರು ಹೇಳಲಿಲ್ಲ. ಹುಲ್ಲಿಗಾಗಿ ಕಚೇರಿ ಕಚೇರಿ ತಿರುಗಿದವಳ ಮಾತು ಯಾರು ನಂಬುತ್ತಾರೆ? ನಾನು ಹೇಳಿದ್ದು ನಿಜ, ಆದರೆ ಅದು ನನಗೇ ಅನುಕೂಲವಾಗುವ ನಿಜವಾಗಿತ್ತು. ನನ್ನ ಗಂಡ ಕೂಡ ತಲೆ ತಗ್ಗಿಸಿಕೊಂಡರು. ನಾನು ಕೂಗಾಡಿದೆ, ಅತ್ತೆ. ನಿಮಗೆ ಗೊತ್ತಿದ್ದ ಹಾಗೆಯೇ ಕೂಗಾಡಿದೆ. ಅದರಿಂದ ಇನ್ನಷ್ಟು ಕೆಟ್ಟಿತು.

ಕಟ್ಟೆ ಕಟ್ಟಿದರು, ಕಲ್ಲು ಹಾಸಿದರು. ಅವ್ವ ಕೆಸರಿನಲ್ಲಿ ಇರಬಾರದೆಂದು ಸುತ್ತ ಕಾಲುವೆ ತೋಡಿ, ಜಿನುಗುವ ನೀರನ್ನೆಲ್ಲ ಆಚೆಗೆ ಹರಿಸಿದರು. ಅಪ್ಪನ ಪಕ್ಕವಂತೂ ಸಿಗಲಿಲ್ಲ, ಅಪ್ಪನ ಹೊಲದ ಮಣ್ಣಾದರೂ ಸಿಗಲಿ ಎಂದು ಭಾವ ಬಾವಿಯ ಹೊಲದಿಂದ ಟ್ರಾಲಿ ಟ್ರಾಲಿ ಕರಿಮಣ್ಣು ತರಿಸಿ ಮಾಳದ ತುಂಬ ಹರಡಿದರು. ಅದರ ಮೇಲೆ ಕೊಳೆತ ತಿಪ್ಪೆಗೊಬ್ಬರ, ನಾಲ್ಕೂ ಕಡೆ ಬಿಲ್ವ, ದಾಸವಾಳ, ಕಣಗಿಲೆ. ಬಾವಿಯಿಂದ ಪೈಪೂ ಬಂತು. ಭಾವ ಪ್ರತಿ ಸೋಮವಾರ ಉಮರ್ಗಾದಿಂದ ಮೋಟಾರ್ ಸೈಕಲ್ ಮೇಲೆ ಬಂದು ತಾವೇ ನೀರು ಹಾಕುತ್ತಿದ್ದರು. ಅಷ್ಟು ವಯಸ್ಸಾದ ಮನುಷ್ಯ ಪಂಚೆ ಮೇಲಕ್ಕೆ ಕಟ್ಟಿಕೊಂಡು ತಾಯಿಯ ತಲೆಯ ಹತ್ತಿರ ಮಣ್ಣು ಸಡಿಲ ಮಾಡುವುದನ್ನು ನೋಡಿದರೆ, ಬೈಯಬೇಕೆಂದು ತೆರೆದ ಬಾಯಿ ಹಾಗೆಯೇ ಮುಚ್ಚಿಕೊಳ್ಳುತ್ತಿತ್ತು.

ಗಿಡಗಳು ಹೋದವು. ಮೊದಲು ಕಟ್ಟೆಯ ಸುತ್ತಲಿನವು, ಮುಂದಿನ ಮಳೆಗೆ ಅಂಚಿನವೂ. ನೀರು ನಿಲ್ಲದೆ ನೀಲಿ ಹೂವು ಬರಲೇ ಇಲ್ಲ. ಕರಿಮಣ್ಣಿನಲ್ಲಿ ಹುಲ್ಲು ಮೊಣಕಾಲೆತ್ತರ ಎದ್ದಿತು, ಪಾರ್ಥೇನಿಯಂ ಎದ್ದಿತು, ಅವುಗಳ ನೆರಳಿನಲ್ಲಿ ನಾಣ್ಯದಗಲದ ಗಿಡಕ್ಕೆ ಎಲ್ಲಿ ಜಾಗ? ಆ ಹುಲ್ಲನ್ನು ಸರಿಸಿ ಸರಿಸಿ ಹುಡುಕಿದೆ. ಮಣ್ಣು ಹರಡುವ ಮುಂಚೆ ಒಂದು ಕಾಗದದಲ್ಲಿ ಕಟ್ಟಿಟ್ಟಿದ್ದ ಬೀಜವನ್ನು ಹೊಂಡಗಳ ದಂಡೆಯ ಮೇಲೆ ಉದುರಿಸಿ ನೋಡಿದೆ. ಏನೂ ಬರಲಿಲ್ಲ. ಬಡತನದಲ್ಲಿ ಮಾತ್ರ ಬದುಕುವ ಜೀವ ಅದು. ನಾವು ಅದರ ತಲೆಯ ಮೇಲೆ ನಮ್ಮ ಮನೆಯ ಅತ್ಯುತ್ತಮ ಮಣ್ಣನ್ನು ಸುರಿದಿದ್ದೆವು.

ಒಮ್ಮೆ ಮಾತ್ರ ಗಂಡನನ್ನು ಕೇಳಿದೆ, ಆ ಒಂದು ಕಾಲುವೆಯನ್ನಾದರೂ ಮುಚ್ಚೋಣವೇ ಎಂದು.

“ನಿನ್ನ ಹುಲ್ಲಿಗಾಗಿ ನಮ್ಮವ್ವ ನೀರಾಗ ಕೂಡಬೇಕೇನ?” ಎಂದರು. ಸಿಟ್ಟಿನಿಂದಲ್ಲ, ನೋವಿನಿಂದ. ಆ ಹುಲ್ಲಿಗಾಗಿಯೇ ನಿಮ್ಮವ್ವ ಅಲ್ಲಿ ಹೋಗಿ ಕುಳಿತದ್ದು ಎಂದು ಹೇಳಬಹುದಿತ್ತು. ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ನಂಬಿದ್ದರೆ ಇನ್ನೂ ಕಷ್ಟವಾಗುತ್ತಿತ್ತು, ತಾಯಿ ಗಂಡನನ್ನು ಬಿಟ್ಟು ಹೋದದ್ದು ಏನೂ ಉಳಿಯದ ಒಂದು ಜಾಗಕ್ಕಾಗಿ ಎಂದು ಅವರೂ ತಿಳಿದುಕೊಳ್ಳಬೇಕಾಗುತ್ತಿತ್ತು. ಅದನ್ನು ತಿಳಿದವಳು ನಾನೊಬ್ಬಳೇ ಸಾಕು.

ಈಗ ಸುತ್ತಮುತ್ತಲಿನ ಮಾಳಗಳೆಲ್ಲ ಹೊಂಡ. ನಡುವೆ ನಮ್ಮದೊಂದು ಮಾತ್ರ ಎತ್ತರಕ್ಕೆ ನಿಂತಿದೆ, ಹಸಿರಾಗಿ, ತಂಪಾಗಿ. ಹಾದಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ, ಬಿಲ್ವದ ನೆರಳಿಗೆ ಬುತ್ತಿ ಬಿಚ್ಚುತ್ತಾರೆ. “ಸುತ್ತಿನ ಮಾಳ ಎಲ್ಲಾ ಹ್ವಾದವು, ನಮ್ಮವ್ವಂದು ಒಂದ ಉಳದದ” ಎಂದು ಭಾವ ಬಂದವರಿಗೆಲ್ಲ ಹೇಳುತ್ತಾರೆ. ಮಾತು ಸುಳ್ಳಲ್ಲ. ಜಾಗ ಉಳಿದಿದೆ.

ಹೋದ ಶ್ರಾವಣದಲ್ಲಿ ಪೂಜೆ ಮುಗಿದ ಮೇಲೆ ನಾನು ಕಟ್ಟೆಯ ಹಿಂದೆ ಸುಮ್ಮನೆ ನಿಂತಿದ್ದೆ. ಗಂಡ ಬಂದು ಪಕ್ಕದಲ್ಲಿ ನಿಂತರು. ಬಹಳ ಹೊತ್ತು ಯೋಚಿಸಿದ್ದನ್ನು ಹೇಳುವವರಂತೆ ಹೇಳಿದರು.

“ನಿನಗ ಈ ಜಾಗ ಮೊದಲಿಂದ ಭಾಳ ಸೇರತದ, ನನಗ ಗೊತ್ತದ. ಅಣ್ಣನ ಜೋಡಿ ಮಾತಾಡೀನಿ. ಅವ್ವನ ಬಾಜೂಕ ನಿನಗೊಂದ ಜಾಗ ಬಿಡಸೀನಿ. ಅಂವಾ ಹೂಂ ಅಂದಾನ.”

ಮದುವೆಯಾದಾಗಿನಿಂದ ಅವರು ನನಗಾಗಿ ತಾವಾಗಿಯೇ ಕೇಳಿ ಪಡೆದದ್ದು ಅದೊಂದೇ. ತೋರಿಸಿದ ಕಡೆ ನೋಡಿದೆ. ಅಲ್ಲಿಯೂ ಕರಿಮಣ್ಣು ಹಾಕಿ, ಹದ ಮಾಡಿ, ಹೊಸದೊಂದು ಬಿಲ್ವದ ಸಸಿ ನೆಟ್ಟಿದ್ದರು. ಬೇಡ ಎನ್ನಬೇಕೆಂದಿದ್ದೆ. ಆದರೆ ಅತ್ತೆಯನ್ನು ಅಲ್ಲಿ ಒಬ್ಬಳನ್ನೇ ಬಿಡುವುದು ಹೇಗೆ? ನಾನು ಹೂಂ ಎಂದೆ.